ಹದಿನಾಲ್ಕು ಶತಮಾನ ಬೇಡ, ಒಂದು ಅಡುಗೆಮನೆ ಸಾಕು

ನಮಸ್ಕಾರ,

ನೀವು ಕಳಿಸಿದ ‘ಇಸ್ಲಾಮಿ ಸಮಾಜಗಳಲ್ಲಿ ವ್ಯಾಪಾರ, ತೆರಿಗೆ, ದಾನ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ‘ಚೆನ್ನಾಗಿದೆ, ಮುಂದೆ ನೋಡೋಣ’ ಅಂತ ಸುಮ್ನೆ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ನೀವು ತುಂಬಾ ಓದಿಕೊಂಡಿದ್ದೀರಿ ಎನ್ನುವುದು ಗೊತ್ತಾಗುತ್ತದೆ, ಹಾಗಾಗಿ ತೊಂದರೆ ಎಲ್ಲಿದೆ ಎಂದು ನೇರವಾಗಿ ಹೇಳಿಬಿಡುತ್ತೇನೆ.

ಮೆಕ್ಕಾದ ಒಂಟೆ ಸಾಲಿನಿಂದ ಹಿಡಿದು ಆಟೋಮನ್ ಸಾಮ್ರಾಜ್ಯ ಮುಗಿಯುವ ತನಕ ಎಲ್ಲವನ್ನೂ ಒಂದೇ ಲೇಖನಕ್ಕೆ ತುಂಬಿದ್ದೀರಿ. ಬಾಗ್ದಾದಿಗೆ ಮೂರು ಸಾಲು, ಕೈರೋಗೆ ಎರಡು, ಕೊರ್ದೋಬಾದ್ದು ಬರೀ ಹೆಸರು. ಓಡುವ ಬಸ್ಸಿನ ಕಿಟಕಿಯಿಂದ ಊರುಗಳ ಬೋರ್ಡು ಓದಿದ ಹಾಗಾಗುತ್ತದೆ.

ಮೊದಲು ತಪ್ಪುಗಳನ್ನು ಮುಗಿಸೋಣ. ಮುಸ್ಲಿಮರ ಕಡ್ಡಾಯ ದಾನವಾದ ಜಕಾತ್ ಎಂದರೆ ‘ಆದಾಯದ ಮೇಲೆ ಶೇ 2.5 ತೆರಿಗೆ’ ಎಂದಿದ್ದೀರಿ. ಆದಾಯದ ಮೇಲಲ್ಲ. ಚಿನ್ನ, ಬೆಳ್ಳಿ, ಮಾರಾಟದ ಸರಕು ಒಂದು ಮಿತಿಗಿಂತ ಜಾಸ್ತಿ ಇರಬೇಕು, ಚಾಂದ್ರಮಾನದ ಒಂದು ವರ್ಷ ಅದು ಕೈಯಲ್ಲಿ ಉಳಿದಿರಬೇಕು, ಆಗ ನಲವತ್ತರಲ್ಲಿ ಒಂದು ಪಾಲು ಕೊಡಬೇಕು. ಬೆಳ್ಳಿಗೆ ಆ ಮಿತಿ 200 ದಿರ್ಹಮ್, ಚಿನ್ನಕ್ಕೆ 20 ದಿನಾರ್. ಬೆಳೆಯ ಲೆಕ್ಕವೇ ಬೇರೆ. ಮಳೆ ನೀರಲ್ಲಿ ಬೆಳೆದಿದ್ದರೆ ಹತ್ತರಲ್ಲಿ ಒಂದು ಪಾಲು, ರೈತ ಖರ್ಚು ಮಾಡಿ ನೀರೆತ್ತಿದ್ದರೆ ಅದರಲ್ಲಿ ಅರ್ಧ. ಆ ‘ಒಂದು ವರ್ಷ’ದ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಸ್ಲಿಮೇತರರ ಮೇಲಿನ ತಲೆಗಂದಾಯವಾದ ಜೆಜಿಯಾ ಎಲ್ಲರಿಗೂ ಒಂದೇ ಮೊತ್ತ ಎಂದಿದ್ದೀರಿ. ಹನಫಿ ಎಂಬ ಕಾನೂನು ಪಂಥದವರ ಲೆಕ್ಕದಲ್ಲಿ ವರ್ಷಕ್ಕೆ 12, 24, 48 ದಿರ್ಹಮ್ ಎಂದು ಮೂರು ದರಗಳಿದ್ದವು, ಅವರವರ ಅನುಕೂಲ ನೋಡಿಕೊಂಡು. ಹೆಂಗಸರು, ಮಕ್ಕಳು ಕೊಡಬೇಕಿರಲಿಲ್ಲ. ‘ಮತಾಂತರವಾದರೆ ಜೆಜಿಯಾ ತಪ್ಪುತ್ತಿತ್ತು’ ಎನ್ನುವುದು ಕಾನೂನಿನ ಮಟ್ಟಿಗೆ ಸರಿ. ಆದರೆ ಇರಾಕಿನಲ್ಲಿ ಉಮಯ್ಯದ್ ವಂಶದ ಖಲೀಫರ ರಾಜ್ಯಪಾಲನಾಗಿದ್ದ ಹಜ್ಜಾಜ್ ಏನು ಮಾಡಿದ? ಮುಸ್ಲಿಮರಾಗಿ ಪಟ್ಟಣ ಸೇರಿದ್ದ ರೈತರನ್ನು ಹಿಡಿದು ಹಳ್ಳಿಗೆ ವಾಪಸ್ ಕಳಿಸಿ ಹಳೇ ತೆರಿಗೆಯನ್ನೇ ವಸೂಲು ಮಾಡಿದ. ಇದನ್ನು ಸರಿಪಡಿಸಲು ಹೊರಟವರು 717ರಲ್ಲಿ ಖಲೀಫರಾದ ಎರಡನೇ ಉಮರ್. ಆ ಉಮರ್ ಕಾಲದಲ್ಲಿ ‘ಜಕಾತ್ ತೆಗೆದುಕೊಳ್ಳಲು ಒಬ್ಬ ಬಡವನೂ ಸಿಗಲಿಲ್ಲ’ ಎಂಬ ಕಥೆಯನ್ನು ನೀವು ಅಂಕಿಅಂಶದ ಹಾಗೆ ಕೊಟ್ಟಿದ್ದೀರಿ. ಅದು ಒಳ್ಳೆಯ ಅರಸನನ್ನು ಹೊಗಳುವ ರೀತಿ ಅಷ್ಟೇ. ಅವರು ಆಳಿದ್ದೇ ಮೂರು ವರ್ಷಕ್ಕಿಂತ ಕಡಿಮೆ, ಅಷ್ಟರಲ್ಲಿ ಬಡತನ ಮುಗಿದುಹೋಯಿತು ಎಂದರೆ ಓದುಗರು ನಂಬುತ್ತಾರಾ?

ಇವೆಲ್ಲ ಒಂದು ಸಂಜೆಯಲ್ಲಿ ತಿದ್ದುವಂಥವು. ನನ್ನ ದೊಡ್ಡ ತಕರಾರು ಬೇರೆ. ವ್ಯಾಪಾರಕ್ಕೆ ಒಂದು ಅಧ್ಯಾಯ, ತೆರಿಗೆಗೆ ಒಂದು, ದಾನಕ್ಕೆ ಒಂದು ಎಂದು ಮೂರು ಡಬ್ಬಿ ಮಾಡಿಟ್ಟಿದ್ದೀರಿ. ಆ ಕಾಲದ ಜನ ಹಾಗೆ ಬದುಕಲಿಲ್ಲ. ಒಂದೇ ದುಡ್ಡು ಮೂರೂ ಕಡೆ ಓಡಾಡುತ್ತಿತ್ತು.

1183ರಲ್ಲಿ ಸ್ಪೇನಿನ ಗ್ರನಾಡಾದಿಂದ ಹಜ್‌ಗೆ ಹೊರಟ ಪ್ರವಾಸಿ ಇಬ್ನ್ ಜುಬೈರ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಇಳಿಯುತ್ತಾನೆ. ಆಗ ಅಲ್ಲಿ ಸಲಾಹುದ್ದೀನನ ಆಳ್ವಿಕೆ. ಸುಲ್ತಾನನ ಕಡೆಯವರು ಹಡಗು ಹತ್ತಿ ಒಬ್ಬೊಬ್ಬರ ಹೆಸರು, ಊರು, ಸರಕು, ದುಡ್ಡು ಎಲ್ಲ ಬರೆದುಕೊಳ್ಳುತ್ತಾರೆ. ಇದ್ದದ್ದರ ಮೇಲೆಲ್ಲ ಜಕಾತ್ ಕೇಳುತ್ತಾರೆ. ಅದು ಕೈಗೆ ಬಂದು ವರ್ಷವಾಯಿತೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ! ಬಂದವರಲ್ಲಿ ಹೆಚ್ಚಿನವರು ಯಾತ್ರಿಕರು, ಅವರ ಹತ್ತಿರ ದಾರಿ ಖರ್ಚಿನ ದುಡ್ಡು ಬಿಟ್ಟು ಬೇರೇನೂ ಇಲ್ಲ. ಸುಂಕದ ಕಟ್ಟೆಯಲ್ಲಿ ಸಾಮಾನು ಕೆದಕುತ್ತಾರೆ, ಸೊಂಟಕ್ಕೆ ಕೈ ಹಾಕಿ ಹುಡುಕುತ್ತಾರೆ, ಇನ್ನೇನೂ ಇಲ್ಲ ಎಂದು ಆಣೆ ಮಾಡಿಸುತ್ತಾರೆ, ಆ ನೂಕುನುಗ್ಗಲಿನಲ್ಲಿ ಎಷ್ಟೋ ವಸ್ತು ಕಾಣೆಯಾಗುತ್ತವೆ. ಅವನಿಗೆ ವಿಪರೀತ ಸಿಟ್ಟು ಬರುತ್ತದೆ. ಆದರೂ ಸುಲ್ತಾನನಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೆ ನಿಲ್ಲಿಸುತ್ತಿದ್ದ ಎಂದು ಬರೆಯುತ್ತಾನೆ. (ದೊರೆ ಒಳ್ಳೆಯವನು, ಕೆಳಗಿನವರೇ ಸರಿಯಿಲ್ಲ ಎನ್ನುವ ಮಾತು ಯಾವ ದೇಶದಲ್ಲಿಲ್ಲ ಹೇಳಿ.)

ಅದೇ ಊರಿನಲ್ಲಿ ಅವನು ಬಾಯಿ ತುಂಬಾ ಹೊಗಳುವುದೂ ಇದೆ. ದೂರದಿಂದ ಬಂದವರಿಗೆ ತಂಗಲು ಜಾಗ, ಸ್ನಾನದ ಮನೆ, ಕಾಯಿಲೆ ಬಿದ್ದರೆ ಆಸ್ಪತ್ರೆ, ಮಗ್ರಿಬ್ (ಪಶ್ಚಿಮದ ಅರಬ್ ನಾಡು) ಕಡೆಯ ಪರದೇಶಿಗಳಿಗೆ ದಿನಕ್ಕೆ ತಲಾ ಎರಡು ರೊಟ್ಟಿ. ಇದಕ್ಕೆ ದುಡ್ಡು ಎಲ್ಲಿಂದ? ಸುಲ್ತಾನ ಬಿಟ್ಟ ವಕ್ಫ್ ಆಸ್ತಿಯಿಂದ (ಧರ್ಮಕಾರ್ಯಕ್ಕೆಂದು ಶಾಶ್ವತವಾಗಿ ಮೀಸಲಿಟ್ಟ ಆಸ್ತಿ), ಜೊತೆಗೆ ಜಕಾತ್‌ನಿಂದ. ಅಂದರೆ ಬಂದರಿನಲ್ಲಿ ಯಾತ್ರಿಕನ ಸೊಂಟದಿಂದ ಕಿತ್ತುಕೊಂಡ ಜಕಾತ್, ಊರೊಳಗೆ ಯಾತ್ರಿಕನ ರೊಟ್ಟಿಯ ಲೆಕ್ಕಕ್ಕೂ ಸೇರುವ ವ್ಯವಸ್ಥೆ ಅದು. ಇವನ ಹೆಸರು ನಿಮ್ಮ ಲೇಖನದಲ್ಲಿ ‘ಪ್ರಸಿದ್ಧ ಪ್ರವಾಸಿಗರು’ ಪಟ್ಟಿಯಲ್ಲಿ ಬಂದು ಹೋಗಿದೆ. ಪಟ್ಟಿಯಲ್ಲಿ ಹೆಸರು ಬಂದರೆ ಏನು ಉಪಯೋಗ?

ಈಗ 16ನೇ ಶತಮಾನದ ಆಟೋಮನ್ ರಾಣಿ ಹುರ್ರೆಮ್ ಸುಲ್ತಾನ್ ವಿಷಯ. ‘ಸುಲೇಮಾನನ ಪತ್ನಿ ಹುರ್ರೆಮ್ ಕರುಣೆಯಿಂದ ಜೆರುಸಲೇಮಿನ ಬಡವರಿಗೆ ಅನ್ನ ನೀಡಿದಳು’ ಎಂದು ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ನನ್ನನ್ನು ಕೇಳಿದರೆ ನಿಮ್ಮ ಇಡೀ ಲೇಖನ ಆ ವಾಕ್ಯದೊಳಗೇ ಕೂತಿದೆ.

1550ರ ದಶಕದಲ್ಲಿ ಆಕೆ ಅಲ್ಲಿ ಮಾಡಿಸಿದ್ದು ಮಸೀದಿ, ಯಾತ್ರಿಕರಿಗೆ 55 ಕೋಣೆ, ಒಂದು ಛತ್ರ, ದೊಡ್ಡ ಅಡುಗೆಮನೆ. ಆಟೋಮನ್ನರಿಗಿಂತ ಮೊದಲು ಅಲ್ಲಿ ಆಳಿದ ಮಮ್ಲೂಕರ ಕಾಲದಲ್ಲಿ ಸಿತ್ ತುನ್ಶುಕ್ ಎಂಬ ಹೆಣ್ಣುಮಗಳು ಕಟ್ಟಿಸಿದ್ದ ಅರಮನೆಯೂ ಇದರೊಳಗೆ ಸೇರಿತು. ಸುಮಾರು 50 ಸಿಬ್ಬಂದಿ ಇದ್ದರು: ಅಡುಗೆಯವರು, ರೊಟ್ಟಿ ಸುಡುವವರು, ಗೋಧಿ ಆರಿಸುವವರು, ಪಾತ್ರೆ ತೊಳೆಯುವವರು, ಲೆಕ್ಕ ಬರೆಯುವವರು. ದಿನಕ್ಕೆರಡು ಹೊತ್ತು 400 ಬಡವರಿಗೆ ಗಂಜಿ, ರೊಟ್ಟಿ. ಬೆಳಿಗ್ಗೆ ಅಕ್ಕಿಯದ್ದು, ಸಂಜೆ ಗೋಧಿ ನುಚ್ಚಿನದ್ದು. ಶುಕ್ರವಾರದ ಹಿಂದಿನ ರಾತ್ರಿ ಮತ್ತು ಹಬ್ಬಗಳಲ್ಲಿ ಮಾಂಸದ ಪಲಾವ್, ಕೇಸರಿ ಹಾಕಿದ ಸಿಹಿ ಅನ್ನ. ಬಡಿಸುವುದಕ್ಕೂ ಸರದಿ ಇತ್ತು. ಮೊದಲು ಸಿಬ್ಬಂದಿ, ಆಮೇಲೆ ಕೋಣೆಗಳಲ್ಲಿ ಇಳಿದವರು, ಕೊನೆಗೆ ಬಡವರು, ಬಡವರಲ್ಲೂ ಹೆಂಗಸರು ಕೊನೆಗೆ. ಇಷ್ಟು ಬರೆದರೆ ಸಾಕು, ‘ಕರುಣೆ’ ಎನ್ನುವ ಪದವನ್ನು ನೀವು ಬಳಸಬೇಕಾಗಿಯೇ ಇಲ್ಲ.

ಗಂಜಿಯ ಗೋಧಿ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ರಮ್ಲಾ, ಲುದ್, ಜೆರುಸಲೇಮ್ ಸುತ್ತಲಿನ ಹಳ್ಳಿಗಳಿಂದ. ಮೊದಲು ಅಲ್ಲಿನ ರೈತರು ಬೆಳೆಯಲ್ಲಿ ಒಂದು ಪಾಲನ್ನು ಸರ್ಕಾರಕ್ಕೋ ಸರ್ಕಾರ ನೇಮಿಸಿದ ಕುದುರೆ ಸವಾರ ಸೈನಿಕನಿಗೋ ಕೊಡುತ್ತಿದ್ದರು. ಸುಲ್ತಾನ ಆ ಹಕ್ಕನ್ನು ಹೆಂಡತಿಗೆ ಕೊಟ್ಟ, ಹೆಂಡತಿ ಅದನ್ನು ವಕ್ಫ್ ಮಾಡಿದಳು. ರೈತನಿಗೆ ತೆರಿಗೆ ಏನೂ ಕಡಿಮೆಯಾಗಲಿಲ್ಲ, ತಲುಪಬೇಕಾದ ವಿಳಾಸ ಬದಲಾಯಿತು ಅಷ್ಟೇ. ಇನ್ನು ಊರೊಳಗಿನ ಹಮಾಮಿನ (ಸಾರ್ವಜನಿಕ ಸ್ನಾನದ ಮನೆ) ಆದಾಯವೂ ಬರುತ್ತಿತ್ತು, ಅಂದರೆ ಪೇಟೆಯ ದುಡ್ಡು. ಹಳ್ಳಿಯವರು ಧಾನ್ಯ ಕೊಡದಿದ್ದರೆ, ಊರು ಬಿಟ್ಟು ಹೋದರೆ, ವಕ್ಫ್ ನೋಡಿಕೊಳ್ಳುವ ಮುತವಲ್ಲಿ ನ್ಯಾಯಾಧೀಶನಾದ ಖಾಜಿ ಹತ್ತಿರ ಓಡಬೇಕು. ಆ ಖಾಜಿ ನ್ಯಾಯಾಲಯದ ದಾಖಲೆಗಳು ಉಳಿದಿರುವುದರಿಂದಲೇ ನಮಗೆ ಇಷ್ಟೆಲ್ಲ ತಿಳಿದಿರುವುದು. ಲುದ್ದಿನ ರೈತ ಆ ಗಂಜಿಗೆ ದಾನಿಯೋ, ತೆರಿಗೆ ಕೊಟ್ಟವನೋ? ನಿಮ್ಮ ಲೇಖನದ ಮೊದಲ ಸಾಲಿನಲ್ಲಿ ಈ ಪ್ರಶ್ನೆ ಇರಬೇಕಿತ್ತು.

ಆಟೋಮನ್ನರು ಜೆರುಸಲೇಮನ್ನು ಮಮ್ಲೂಕರಿಂದ ಗೆದ್ದದ್ದು 1516ರಲ್ಲಿ. 1537ರಿಂದ ನಾಲ್ಕೈದು ವರ್ಷ ಸುಲೇಮಾನ್ ಸುತ್ತಲಿನ ಗೋಡೆ ಕಟ್ಟಿಸಿದ, ಹತ್ತು ಹದಿನೈದು ವರ್ಷ ಬಿಟ್ಟು ಹೆಂಡತಿಯ ಅಡುಗೆಮನೆ ಬಂತು. ಗೆದ್ದ ಊರಿನಲ್ಲಿ ಅರಸರು ಕಾಣಿಸಿಕೊಳ್ಳಲು ಇದೂ ಒಂದು ದಾರಿ. 18ನೇ ಶತಮಾನದ ಕೊನೆಗೆ ಇದರ ಹುದ್ದೆ, ಭತ್ಯೆಗಳೆಲ್ಲ ಊರಿನ ದೊಡ್ಡ ಮನೆತನಗಳ ಕೈ ಬಲಪಡಿಸುವ ಸಾಧನವಾಗಿದ್ದವು. ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅಲ್ಲಿ ಇವತ್ತಿಗೂ ಊಟ ಹಂಚುತ್ತಾರೆ ಎನ್ನುವುದನ್ನೂ ಬರೆಯಿರಿ.

ಬಡ್ಡಿಯ ಪ್ಯಾರಾ ತೆಗೆಯಲೇಬೇಕು. ‘ಬಡ್ಡಿ ನಿಷಿದ್ಧವಾದ್ದರಿಂದ ಸಾಲದ ವ್ಯವಹಾರ ಬೆಳೆಯಲಿಲ್ಲ’ ಎಂದಿದ್ದೀರಿ. ಹುರ್ರೆಮ್ ಗಂಜಿ ಹಾಕಿಸುತ್ತಿದ್ದ ಅದೇ ದಶಕಗಳಲ್ಲಿ ಇಸ್ತಾಂಬುಲ್, ಬುರ್ಸಾಗಳಲ್ಲಿ ಜನ ನಗದನ್ನೇ ವಕ್ಫ್ ಮಾಡುತ್ತಿದ್ದರು. ಆ ದುಡ್ಡನ್ನು ಊರವರಿಗೆ ಶೇ 10ರ ಆಸುಪಾಸಿನ ದರದಲ್ಲಿ ಕೊಟ್ಟು, ಬಂದ ಲಾಭದಲ್ಲಿ ಮದರಸಾದ ಮೇಷ್ಟರಿಗೆ ಸಂಬಳವೋ ಮಸೀದಿಯ ದೀಪಕ್ಕೆ ಎಣ್ಣೆಯೋ ಆಗುತ್ತಿತ್ತು. ಕಾಗದದಲ್ಲಿ ಅದು ಬಡ್ಡಿಯಾಗಿ ಕಾಣುತ್ತಿರಲಿಲ್ಲ. ಸಾಲಗಾರ ಮನೆಯನ್ನು ವಕ್ಫ್‌ಗೆ ಮಾರಿದ ಹಾಗೆ ಮಾಡಿ, ಅದೇ ಮನೆಯಲ್ಲಿ ಬಾಡಿಗೆಗೆ ಇರುತ್ತಿದ್ದ, ಅಸಲು ತೀರಿಸಿದಾಗ ಮನೆ ವಾಪಸ್. ಇದು ಸರಿಯೇ ಅಲ್ಲ ಎಂದು ಬಿರ್ಗಿವಿ ಎಂಬ ವಿದ್ವಾಂಸ ಜೋರಾಗಿ ವಿರೋಧಿಸಿದ. 1545ರಿಂದ 1574ರವರೆಗೆ ಶೇಖುಲ್ ಇಸ್ಲಾಂ, ಅಂದರೆ ಸಾಮ್ರಾಜ್ಯದ ಮುಖ್ಯ ಧರ್ಮಾಧಿಕಾರಿ ಆಗಿದ್ದ ಎಬುಸ್ಸುಊದ್, ಇದು ಜನರ ರೂಢಿಯಾಗಿದೆ, ನಿಲ್ಲಿಸಿದರೆ ಎಷ್ಟೋ ಧರ್ಮಕಾರ್ಯ ನಿಂತುಹೋಗುತ್ತದೆ ಎಂದು ಪರವಾಗಿ ನಿಂತ. ಎಂಥ ಜಗಳ ಅಲ್ವಾ? ಇಬ್ಬರೂ ಧರ್ಮದ ಹೆಸರಲ್ಲೇ ವಾದಿಸುತ್ತಿದ್ದಾರೆ. ಇದನ್ನು ಬಿಟ್ಟು ‘ಇಸ್ಲಾಂ ಹೀಗೆ ಹೇಳುತ್ತದೆ’ ಎಂದು ನೀವು ಒಂದೇ ಧ್ವನಿಯಲ್ಲಿ ಬರೆದರೆ ಇತಿಹಾಸವೇ ಉಳಿಯುವುದಿಲ್ಲ.

ಕೊನೆಯ ಪುಟದಲ್ಲಿ ವಕ್ಫ್ ಅಡುಗೆಮನೆಯನ್ನು ಶರಣರ ದಾಸೋಹಕ್ಕೆ ಹೋಲಿಸಿದ್ದೀರಿ. ಕನ್ನಡದ ಓದುಗರು ಖುಷಿಪಡಲಿ ಅಂತ ಸೇರಿಸಿದ್ದು ಎಂದು ಗೊತ್ತಾಗುತ್ತದೆ, ತೆಗೆದುಬಿಡಿ. ನಿಜವಾದ ನಂಟು ಬೇಕಿದ್ದರೆ ಮಂಗಳೂರಿದೆ. 12ನೇ ಶತಮಾನದಲ್ಲಿ ಅಲ್ಲಿ ವರ್ಷಗಟ್ಟಲೆ ಇದ್ದ ಅಬ್ರಹಾಂ ಬೆನ್ ಯಿಜು ಉತ್ತರ ಆಫ್ರಿಕಾ ಮೂಲದ ಯಹೂದಿ. ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಮೆಣಸು, ಕಬ್ಬಿಣ, ಅಡಿಕೆಯನ್ನು ಯೆಮನ್‌ನ ಬಂದರು ಏಡನ್‌ಗೆ ಕಳಿಸುತ್ತಿದ್ದ. ಏಡನ್ನಿನ ಸುಂಕ ಕಳೆದು ಎಷ್ಟು ಉಳಿಯಿತು ಎನ್ನುವ ಲೆಕ್ಕದ ಕಾಗದಗಳು ಕೈರೋದ ಹಳೇ ಸಿನಗಾಗ್‌ನಲ್ಲಿ ಸಿಕ್ಕಿವೆ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಮುಸ್ಲಿಂ ಆಳ್ವಿಕೆಯ ಬಂದರುಗಳ ವ್ಯಾಪಾರ ಬರೀ ಮುಸ್ಲಿಮರದ್ದಾಗಿರಲಿಲ್ಲ ಎಂದು ತೋರಿಸಲು ಇದು ಸಾಕು. ಆದರೆ ಇದು ಬೇರೆಯೇ ಲೇಖನ, ಜೆರುಸಲೇಮಿನ ಗಂಜಿಗೆ ಇದನ್ನು ಬೆರೆಸಬೇಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಎಂದು ಪರಿಗಣಿಸಬಹುದಾಗಿದೆ’ ಥರದ್ದನ್ನೆಲ್ಲ ಹೊಡೆದುಹಾಕಿ. ಯಾರು, ಯಾರಿಗೆ, ಎಷ್ಟು ಕೊಟ್ಟರು ಎಂದು ಬರೆಯುತ್ತಾ ಹೋದರೆ ವಾಕ್ಯ ತಾನೇ ನೆಟ್ಟಗಾಗುತ್ತದೆ.

ಹೊಸ ಕರಡು ಹುರ್ರೆಮ್ ಅಡುಗೆಮನೆ ಒಂದರ ಮೇಲೇ ಇರಲಿ, 1,800 ಪದ ಮೀರಬಾರದು. ಇಬ್ನ್ ಜುಬೈರ್‌ಗೆ ಒಂದು ಪ್ಯಾರಾ, ನಗದು ವಕ್ಫ್‌ಗೆ ಒಂದು. ಗಂಜಿಯ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ಹುಡುಕಿ ಬರೆಯಿರಿ. ಹಳ್ಳಿಗಳನ್ನು ತೋರಿಸುವ ಸಣ್ಣ ನಕಾಶೆ ಬೇಕು, ಚಿನ್ನದ ಗುಮ್ಮಟದ ಫೋಟೋ ಬೇಡ. ಬೆನ್ ಯಿಜು ಬಗ್ಗೆ ಬರೆಯುವ ಮನಸ್ಸಿದ್ದರೆ ಬೇರೆ ಮೇಲ್ ಮಾಡಿ.