ಗಡಿ ಬದಲಾದರೆ ಪೌರತ್ವ?

ಪ್ರಶ್ನೆ: ಒಂದು ಊರು ಬೇರೆ ದೇಶದ ಪಾಲಾದರೆ ಅಲ್ಲಿನವರು ಯಾವ ದೇಶಕ್ಕೂ ಸೇರದವರಾಗಿ ಉಳಿಯಬಹುದೇ?

ಉತ್ತರ: ಉಳಿಯಬಹುದು, ಆದ್ದರಿಂದಲೇ ನೆಲದ ಜೊತೆಗೆ ಜನರ ಪೌರತ್ವವನ್ನೂ ಇತ್ಯರ್ಥಪಡಿಸಬೇಕಾಗುತ್ತದೆ. ಹೊಸದಾಗಿ ಸೇರಿದ ಪ್ರದೇಶದ ನಂಟಿನಿಂದ ಯಾರು ಭಾರತೀಯರಾಗುತ್ತಾರೆಂದು ಕೇಂದ್ರ ಸರ್ಕಾರವು ಆದೇಶದ ಮೂಲಕ ಗೊತ್ತುಪಡಿಸಲು 1955ರ ಪೌರತ್ವ ಕಾಯ್ದೆಯ 7ನೇ ಸೆಕ್ಷನ್ ಅವಕಾಶ ಕೊಡುತ್ತದೆ. 1962ರಲ್ಲಿ ಗೋವಾದವರು ಭಾರತೀಯರಾದದ್ದು ಹೀಗೆಯೇ.

ಭಾರತ–ಬಾಂಗ್ಲಾದೇಶ ಗಡಿಯ ‘ಛಿಟ್‌ಮಹಲ್’ಗಳ ಕಥೆ ಇನ್ನೂ ಜಟಿಲ. ಒಂದು ದೇಶದ ಒಡಲೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದು ದೇಶದ ಈ ತುಂಡು ನೆಲಗಳ ಜನ ಕಾಗದದ ಮೇಲೆ ಪೌರರಾಗಿದ್ದರೂ, ಮಕ್ಕಳನ್ನು ಶಾಲೆಗೆ ಸೇರಿಸಲು ಹೊರಗಿನವರೊಬ್ಬರ ಹೆಸರನ್ನು ತಂದೆಯೆಂದು ಬರೆಸಬೇಕಾದಂಥ ಸ್ಥಿತಿಯಲ್ಲಿ ದಶಕಗಳನ್ನು ಕಳೆದರು. ಹಸ್ತಾಂತರವಾದ ನೆಲದ ನಿವಾಸಿಗಳು ಇದ್ದಲ್ಲೇ ಉಳಿದು ಆ ನೆಲವನ್ನು ಪಡೆದ ದೇಶದ ಪ್ರಜೆಗಳಾಗುವ ಹಕ್ಕನ್ನು ಎರಡೂ ದೇಶಗಳ ನಡುವಿನ 1974ರ ಗಡಿ ಒಪ್ಪಂದವೇ ನೀಡಿತ್ತಾದರೂ, ಅದನ್ನು ಜಾರಿಗೊಳಿಸಲು ಸಂವಿಧಾನದ 100ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಸಮರ್ಥನೆಯೇ ಇಲ್ಲ. 2015ರ ಜುಲೈ 31ರ ಮಧ್ಯರಾತ್ರಿ ಭಾರತದ 111 ಮತ್ತು ಬಾಂಗ್ಲಾದೇಶದ 51 ತುಂಡುಗಳು ವಿನಿಮಯವಾದವು. ಅದಕ್ಕೂ ಮೊದಲೇ ಮನೆಮನೆ ಸಮೀಕ್ಷೆ ನಡೆಸಿ ಪ್ರತಿಯೊಬ್ಬರ ಆಯ್ಕೆಯನ್ನು ಕೇಳಲಾಗಿತ್ತು. ಬಾಂಗ್ಲಾದೇಶದ ಪಾಲಾದ ತುಂಡುಗಳಲ್ಲಿದ್ದ ಸುಮಾರು 37 ಸಾವಿರ ಜನರಲ್ಲಿ ಭಾರತೀಯರಾಗಿಯೇ ಉಳಿಯಲು ಇತ್ತ ಬಂದವರು ಒಂದು ಸಾವಿರಕ್ಕಿಂತ ಕಡಿಮೆ. ಹೆಚ್ಚಿನವರು ಮನೆ, ಹೊಲ ಬಿಡದೆ ಪೌರತ್ವವನ್ನಷ್ಟೇ ಬದಲಿಸಿಕೊಂಡರು.