ವಾರಂಟಿ ಮುಗಿದ ಮೇಲೂ ಸರ್ವಿಸ್ ಲೆಕ್ಕ ಬರೆದಿಡಬೇಕಾ?

ಏಳು ವರ್ಷದ ಪೆಟ್ರೋಲ್ ಕಾರು, ಈಗ ಹೊರಗಿನ ಗ್ಯಾರೇಜಿಗೆ ಬಿಡ್ತೀನಿ, ಇನ್ನೂ ಲೆಕ್ಕ ಬರೆದಿಟ್ಟು ಏನು ಪ್ರಯೋಜನ ಅಂತ ಕೇಳಿದ್ದೀರಿ. ಈಗಲೇ ಹೆಚ್ಚು ಬೇಕು ಸರ್. ಕಂಪನಿ ಸರ್ವಿಸ್ ಸೆಂಟರಲ್ಲಿ ಗಾಡಿಯ ಹಿಸ್ಟರಿ ಕಂಪ್ಯೂಟರಲ್ಲಿರುತ್ತೆ. ಹೊರಗಡೆ ಅದನ್ನ ನೀವೇ ಇಟ್ಟುಕೊಳ್ಳಬೇಕು.

ಎಂಜಿನ್ ಆಯಿಲ್ ಹೇಗೂ ನೆನಪಿರುತ್ತೆ. ಮರೆಯೋದು ಅಪರೂಪಕ್ಕೆ ಬರುವ ಕೆಲಸಗಳು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಹೀರಿದಷ್ಟೂ ಬೇಗ ಕುದಿಯುತ್ತೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಬಿಸಿಯಾಗಿ ಅದು ಆವಿಯಾದರೆ ಪೆಡಲ್ ಒಳಗೇ ಹೋಗಿಬಿಡುತ್ತೆ, ಬ್ರೇಕ್ ಹಿಡಿಯಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು, ಆದರೆ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಎಷ್ಟು ಜನರಿಗೆ ಗೊತ್ತಿರುತ್ತೆ? ನಿಮ್ಮ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ವಾಲ್ವ್, ಪಿಸ್ಟನ್ ತಾಳ ತಪ್ಪದಂತೆ ನೋಡಿಕೊಳ್ಳುವ ಪಟ್ಟಿ) ಇದ್ದರಂತೂ ಅದನ್ನ ಬದಲಿಸಿದ ತಾರೀಖು, ಕಿಲೋಮೀಟರ್ ಎರಡೂ ಬೇಕೇ ಬೇಕು. ಅದು ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಗ್ಗುತ್ತೆ.

ಬರೆಯೋಕೆ ಒಂದು ಸಾಲು ಸಾಕು. "12-3-2025, 68,400 ಕಿ.ಮೀ., ಆಯಿಲ್ ಗ್ರೇಡ್ 5ಡಬ್ಲ್ಯೂ-30, 3.5 ಲೀಟರ್, ಫಿಲ್ಟರ್ ಹೊಸದು, ಇಷ್ಟು ಖರ್ಚು." ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹಾಕಿಸಿದರೆ ಬ್ರ್ಯಾಂಡ್, ಬಗೆ ತಪ್ಪದೆ ಬರೀರಿ, ಹೊಂದದ ಎರಡು ಬಗೆ ಬೆರೆತರೆ ಗಸಿ ಕಟ್ಟಿ ರೇಡಿಯೇಟರ್ ಕಟ್ಟಿಕೊಳ್ಳಬಹುದು. ಮಧ್ಯೆ ಅರ್ಧ ಲೀಟರ್ ಆಯಿಲ್ ಟಾಪ್‌ಅಪ್ ಮಾಡಿದ್ದನ್ನೂ ಬಿಡಬೇಡಿ. ಎಂಜಿನ್ ಆಯಿಲ್ ಕುಡೀತಿದೆಯಾ ಅಂತ ಮೊದಲು ತೋರಿಸೋದು ಆ ಸಾಲುಗಳೇ.

ಬಿಲ್ಲುಗಳನ್ನ ಅವತ್ತೇ ಫೋಟೋ ತೆಗೆದಿಡಿ. ಥರ್ಮಲ್ ಪೇಪರಿನ ಅಕ್ಷರ ಡ್ಯಾಶ್‌ಬೋರ್ಡಿನ ಬಿಸಿಗೆ ಬೇಗ ಮಾಸುತ್ತೆ, ಹೊಸದಾಗಿ ಹಾಕಿಸಿದ ಬ್ಯಾಟರಿಯ ವಾರಂಟಿ ಕೇಳೋಕೆ ಹೋದಾಗ ಖಾಲಿ ಚೀಟಿ ಕೆಲಸಕ್ಕೆ ಬರಲ್ಲ.