ಆಹಾರ ಸುರಕ್ಷತಾ ಇಲಾಖೆ ನನ್ನ ದೂರಿನ ಮೇಲೆ ಏನು ಮಾಡಿತು ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಕೇಳಬಹುದಾ?

ಖಂಡಿತ ಕೇಳಬಹುದು. ನೀವು ಬರೆದಿದ್ದು ಇಷ್ಟು: ಬೇಕರಿಯಿಂದ ತಂದ ಕೇಕ್ ತಿಂದ ಮಕ್ಕಳ ನಾಲಿಗೆಯ ಬಣ್ಣ ಮಾರನೇ ದಿನವೂ ಹೋಗಲಿಲ್ಲ. ಆಹಾರ ಸುರಕ್ಷತಾ ಇಲಾಖೆಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟಿರಿ. ಕೆಲವು ವಾರ ಕಳೆದ ಮೇಲೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಅಂತ ಒಂದೇ ಸಾಲು ಬಂತು, ದೂರು ಮುಗಿದುಹೋಯಿತು. ಯಾರಾದರೂ ಹೋಗಿ ನೋಡಿದರಾ, ಸ್ಯಾಂಪಲ್ ತೆಗೆದರಾ, ಒಂದೂ ಗೊತ್ತಿಲ್ಲ.

ನಾನು ನೀರಿನ ಕ್ಯಾನ್ ವಿಷಯದಲ್ಲಿ ಇಂಥದ್ದೇ ಅರ್ಜಿ ಹಾಕಿದ್ದೆ. ಆಮೇಲೆ ಪರಿಚಯದವರಿಗೂ ಬರೆದುಕೊಟ್ಟಿದ್ದೇನೆ. ಅದರಿಂದ ಕಲಿತ ಮುಖ್ಯ ವಿಷಯ ಒಂದೇ: ‘ಯಾಕೆ ಕ್ರಮ ಕೈಗೊಂಡಿಲ್ಲ?’ ಅಂತ ಕೇಳಬೇಡಿ. ‘ಇಂಥ ಕಾಗದದ ಪ್ರತಿ ಕೊಡಿ’ ಅಂತ ಕೇಳಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ ಮಾತ್ರ. ಹೊಸದಾಗಿ ಮಾಹಿತಿ ತಯಾರಿಸಿ ಕೊಡಬೇಕಾಗಿಲ್ಲ, ಸಲಹೆ ಅಭಿಪ್ರಾಯ ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ‘ಯಾಕೆ’ ಅಂತ ಬರೆದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಹಾಗಾದರೆ ಯಾವ ಕಾಗದ ಕೇಳಬೇಕು? ಇಲ್ಲಿ ಆರ್‌ಟಿಐ ಕಾಯ್ದೆಗಿಂತ ಜಾಸ್ತಿ ಸಹಾಯ ಮಾಡುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 36ನೇ ಕಲಂ ಅಂಕಿತ ಅಧಿಕಾರಿಯ, ಅಂದರೆ ಜಿಲ್ಲೆಯಲ್ಲಿ ಈ ಕಾಯ್ದೆ ಜಾರಿ ಮಾಡುವ ಹೊಣೆ ಹೊತ್ತವರ, ಕೆಲಸಗಳನ್ನು ಹೇಳುತ್ತದೆ. ಆಹಾರ ಸುರಕ್ಷತಾ ಅಧಿಕಾರಿಗಳು ಮಾಡಿದ ಎಲ್ಲಾ ತಪಾಸಣೆಗಳ ಮತ್ತು ತೆಗೆದುಕೊಂಡ ಕ್ರಮಗಳ ದಾಖಲೆ ಇಡಬೇಕು. ಲಿಖಿತವಾಗಿ ಬಂದ ದೂರನ್ನು ತನಿಖೆ ಮಾಡಿಸಬೇಕು. ಅಂದರೆ ಯಾರಾದರೂ ನಿಜವಾಗಿ ಬೇಕರಿಗೆ ಹೋಗಿದ್ದರೆ ಅದಕ್ಕೆ ಕಾಗದ ಇರಲೇಬೇಕು. ಸ್ಯಾಂಪಲ್ ತೆಗೆದಿದ್ದರೆ ಇನ್ನೂ ಜಾಸ್ತಿ ಕಾಗದ ಇರುತ್ತದೆ: ಅಂಗಡಿಯವರಿಗೆ ಕೊಟ್ಟ ನೋಟಿಸ್, ಆಹಾರ ವಿಶ್ಲೇಷಕರಿಗೆ (ಸ್ಯಾಂಪಲ್ ಪರೀಕ್ಷಿಸುವವರಿಗೆ) ಕಳಿಸಿದ ಪತ್ರ, ವಿಶ್ಲೇಷಕರ ವರದಿ. ಆ ವರದಿ ಸ್ಯಾಂಪಲ್ ತಲುಪಿದ 14 ದಿನದೊಳಗೆ ಬರಬೇಕು ಅಂತ ಕಾಯ್ದೆಯಲ್ಲೇ ಇದೆ.

ನಿಮ್ಮ ಅರ್ಜಿಯಲ್ಲಿ ಹೀಗೆ ಬರೆಯಿರಿ: ‘ನನ್ನ ದೂರು ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು. ಈ ದೂರಿಗೆ ಸಂಬಂಧಿಸಿದ ಪೂರ್ಣ ಕಡತವನ್ನು ಟಿಪ್ಪಣಿ ಹಾಳೆಗಳ ಸಹಿತ ಕೊಡಿ. ದೂರಿನ ನಂತರ ನಡೆದ ತಪಾಸಣೆಯ ವರದಿ, ಸಂಗ್ರಹಿಸಿದ ಮಾದರಿಯ ದಾಖಲೆ, ಆಹಾರ ವಿಶ್ಲೇಷಕರ ವರದಿ, ಬೇಕರಿಗೆ ಕೊಟ್ಟ ನೋಟಿಸ್‌ಗಳು, ದೂರು ಮುಕ್ತಾಯಗೊಳಿಸಿದ ಆದೇಶ, ಇವುಗಳ ದೃಢೀಕೃತ ಪ್ರತಿ ಕೊಡಿ. ಇವುಗಳಲ್ಲಿ ಯಾವುದಾದರೂ ಕಡತದಲ್ಲಿ ಇಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸಿ.’

ಆ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ನನ್ನ ಅರ್ಜಿಗೆ ‘ಮಾದರಿ ಸಂಗ್ರಹಿಸಿರುವುದಿಲ್ಲ’ ಅಂತ ಹಿಂಬರಹ ಬಂತು. ಅಲ್ಲಿಯವರೆಗೆ ಫೋನಿನಲ್ಲಿ ‘ಎಲ್ಲಾ ಚೆಕ್ ಮಾಡಿದ್ದೀವಿ ಸಾರ್’ ಅನ್ನುತ್ತಿದ್ದರು. ಸಹಿ, ಮೊಹರು ಇರುವ ಆ ಹಾಳೆಯನ್ನು ಲಗತ್ತಿಸಿ ಮೇಲಿನ ಅಧಿಕಾರಿಗೆ ಬರೆದೆ. ಆಮೇಲೆ ಸ್ಯಾಂಪಲ್ ತೆಗೆದರು. ಇಲ್ಲ ಅನ್ನುವ ಉತ್ತರವೂ ಇಷ್ಟು ಕೆಲಸಕ್ಕೆ ಬರುತ್ತದೆ.

ವಿಶ್ಲೇಷಕರ ವರದಿಯನ್ನು ಪೂರ್ತಿ ಕೇಳಲು ಇನ್ನೊಂದು ಕಾರಣ ಇದೆ. 2024ರಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯಕಾರಿ ಮಟ್ಟದಲ್ಲಿದೆ ಅಂತ ಇಲಾಖೆಯೇ ಹೇಳಿತ್ತು. ಕೇಕಿಗೆ ಹಾಕುವ ಟಾರ್ಟ್ರಜೀನ್, ಕಾರ್ಮೊಯಿಸಿನ್‌ನಂಥ ಬಣ್ಣಗಳಿಗೆ ಒಂದು ಮಿತಿಯೊಳಗೆ ಅನುಮತಿ ಇದೆ. ರೋಡಮಿನ್-ಬಿಯಂಥದ್ದನ್ನು ಆಹಾರಕ್ಕೆ ಹಾಕುವಂತೆಯೇ ಇಲ್ಲ. ಹಾಗಾಗಿ ‘ಬಣ್ಣ ಇದೆ’ ಅಥವಾ ‘ಬಣ್ಣ ಇಲ್ಲ’ ಅನ್ನುವ ಒಂದು ಸಾಲು ಸಾಲದು. ಯಾವ ಬಣ್ಣ, ಎಷ್ಟು ಪ್ರಮಾಣ, ಯಾವ ವಿಧಾನದಲ್ಲಿ ಪರೀಕ್ಷೆ ಮಾಡಿದರು ಅನ್ನುವುದು ನಿಮ್ಮ ಕೈಗೆ ಬರಬೇಕು. ಮಕ್ಕಳು ತಿಂದ ಪದಾರ್ಥ ಅಲ್ವಾ, ಅಷ್ಟು ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಯಾವ ಕಚೇರಿಗೆ ಹಾಕಬೇಕು ಅನ್ನುವ ಗೊಂದಲ ಬೇಡ. ಬಿಲ್ ಮೇಲೆ ಅಥವಾ ಕೇಕಿನ ಡಬ್ಬದ ಮೇಲೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದು 100ರಿಂದ ಶುರುವಾದರೆ ಕೇಂದ್ರದ ಲೈಸೆನ್ಸ್, ಎಫ್‌ಎಸ್‌ಎಸ್‌ಎಐಗೆ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ) ಕೇಳಿ. 112 ಅಂತ ಇದ್ದರೆ ಕರ್ನಾಟಕದ ರಾಜ್ಯ ಲೈಸೆನ್ಸ್, 212 ಇದ್ದರೆ ಚಿಕ್ಕ ವ್ಯಾಪಾರಿಗಳ ನೋಂದಣಿ. ಈ ಎರಡಕ್ಕೂ ನಿಮ್ಮ ಜಿಲ್ಲೆಯ ಅಂಕಿತ ಅಧಿಕಾರಿಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಅಕಸ್ಮಾತ್ ಬೇರೆ ಕಚೇರಿಗೆ ಹೋದರೂ ಆರ್‌ಟಿಐ ಕಾಯ್ದೆಯ 6(3)ನೇ ಕಲಂ ಪ್ರಕಾರ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಅಂತ ಇದೆ. ಸಿಟ್ಟನ್ನೆಲ್ಲ ಅದರಲ್ಲಿ ತುಂಬಲು ಹೋಗಬೇಡಿ. 10 ರೂಪಾಯಿ ಶುಲ್ಕ. ಯಾಕೆ ಬೇಕು ಅಂತ ಕಾರಣ ಕೊಡುವ ಅಗತ್ಯ ಇಲ್ಲ.

ಈಗ ಅಡ್ಡಿಗಳ ವಿಷಯ. ಮೊದಲು ಬರುವುದು ‘ಇದು ಮೂರನೇ ವ್ಯಕ್ತಿಯ ಮಾಹಿತಿ, ವ್ಯಾಪಾರದ ಗುಟ್ಟು’ ಅನ್ನುವ ಮಾತು. ಆರ್‌ಟಿಐ ಕಾಯ್ದೆಯಲ್ಲಿ ವ್ಯಾಪಾರದ ಗುಟ್ಟಿಗೆ ವಿನಾಯಿತಿ ಕೊಡುವ 8(1)(ಡಿ) ಕಲಂ ಇದೆ, ನಿಜ. ಆದರೆ ಕೇಕಿನಲ್ಲಿ ಮಿತಿ ಮೀರಿದ ಬಣ್ಣ ಇತ್ತು ಅನ್ನುವುದು ವ್ಯಾಪಾರದ ಗುಟ್ಟು ಹೇಗಾಗುತ್ತದೆ? 11ನೇ ಕಲಂ ಪ್ರಕಾರ ಬೇಕರಿಯವರ ಅಭಿಪ್ರಾಯ ಕೇಳಬಹುದು. ಅವರು ಬೇಡ ಅಂದ ಮಾತ್ರಕ್ಕೆ ಕೊಡದೆ ಇರುವಂತಿಲ್ಲ, ತೀರ್ಮಾನ ಮಾಹಿತಿ ಅಧಿಕಾರಿಯದ್ದೇ. ಮೇಲ್ಮನವಿಯಲ್ಲಿ 2015ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು, ರಿಸರ್ವ್ ಬ್ಯಾಂಕ್ ಮತ್ತು ಜಯಂತಿಲಾಲ್ ಮಿಸ್ತ್ರಿ ಪ್ರಕರಣ, ಉಲ್ಲೇಖಿಸಿ. ಬ್ಯಾಂಕುಗಳ ತಪಾಸಣಾ ವರದಿ ಕೊಡಲ್ಲ, ಅದು ನಂಬಿಕೆ ಮೇಲೆ ಬಂದ ಮಾಹಿತಿ ಅಂತ ರಿಸರ್ವ್ ಬ್ಯಾಂಕ್ ವಾದಿಸಿತ್ತು. ಕೋರ್ಟ್ ಒಪ್ಪಲಿಲ್ಲ. ನಿಯಂತ್ರಕರ ಕರ್ತವ್ಯ ಜನರ ಹಿತ ಕಾಯುವುದು, ತಾವು ನಿಯಂತ್ರಿಸುವ ಸಂಸ್ಥೆಗಳ ಹಿತ ಕಾಯುವುದಲ್ಲ ಅನ್ನುವುದು ಆ ತೀರ್ಪಿನ ತಿರುಳು. ನನ್ನ ಮಟ್ಟಿಗೆ, ಬಳಕೆದಾರರ ಕೈಯಲ್ಲಿರುವ ಅತಿ ದೊಡ್ಡ ಆಧಾರ ಅದು.

‘ತನಿಖೆ ನಡೆಯುತ್ತಿದೆ’ ಅಂತಲೂ ಹೇಳಬಹುದು. ನಿಮಗೆ ದೂರು ಮುಗಿದಿದೆ ಅಂತ ಬರೆದುಕೊಟ್ಟವರು ಈಗ ತನಿಖೆ ಇದೆ ಅನ್ನಲು ಬರುವುದಿಲ್ಲ. ಮುಕ್ತಾಯದ ಸಂದೇಶದ ಸ್ಕ್ರೀನ್‌ಶಾಟ್ ಜೋಪಾನವಾಗಿ ಇಟ್ಟುಕೊಳ್ಳಿ. ಇನ್ನು ಅಧಿಕಾರಿಗಳ, ಅಂಗಡಿಯವರ ಫೋನ್ ನಂಬರ್, ವಿಳಾಸ ಕೇಳಬೇಡಿ. ಅದು ನಿಮಗೆ ಬೇಕಾಗಿಲ್ಲ, ವೈಯಕ್ತಿಕ ಮಾಹಿತಿ ಅಂತ ನಿರಾಕರಿಸಲು ಸುಮ್ನೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಅರ್ಧಂಬರ್ಧ ಬಂದರೆ, ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ ಹಾಕಿ. ತಡವಾಗಿ ಕೊಟ್ಟರೆ ಪ್ರತಿಗಳಿಗೆ ಹಣ ಕೇಳುವಂತಿಲ್ಲ, ಅದನ್ನೂ ಬರೆಯಿರಿ. ಅದಾದ ಮೇಲೆ ಕರ್ನಾಟಕ ಮಾಹಿತಿ ಆಯೋಗಕ್ಕೆ 90 ದಿನದೊಳಗೆ ಹೋಗಬಹುದು. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಸರದಿ ಉದ್ದ. ಅದಕ್ಕೇ ಮೊದಲ ಮೇಲ್ಮನವಿಯಲ್ಲೇ ಪೂರ್ತಿ ಶ್ರಮ ಹಾಕಿ, ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ, ಕಡತ ನೋಡಲು ಅವಕಾಶ ಕೊಡಿ ಅಂತ ಅಲ್ಲೇ ಕೇಳಿ. ಕಡತ ವೀಕ್ಷಣೆಯೂ ಈ ಹಕ್ಕಿನಲ್ಲೇ ಬರುತ್ತದೆ.

ಒಂದು ಎಚ್ಚರಿಕೆ. ಆಹಾರ ಕಾಯ್ದೆಯ 77ನೇ ಕಲಂ ಪ್ರಕಾರ ತಪ್ಪು ನಡೆದ ಒಂದು ವರ್ಷದೊಳಗೆ ಪ್ರಕರಣ ಕೋರ್ಟಿಗೆ ಹೋಗಬೇಕು. ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದು ಒಪ್ಪಿದರೆ ಮಾತ್ರ ಮೂರು ವರ್ಷದವರೆಗೆ ಸಮಯ. ಕಾಗದ ಕೈಗೆ ಬರುವಷ್ಟರಲ್ಲಿ ಈ ಅವಧಿಯೇ ಮುಗಿದಿರಬಾರದು. ಹಾಗಾಗಿ ಅರ್ಜಿಯನ್ನು ಈ ವಾರವೇ ಹಾಕಿ. ಉತ್ತರ ಬಂದ ಮೇಲೆ ಹೆಸರು, ವಿಳಾಸ ಅಳಿಸಿ ಇಲ್ಲಿ ಹಾಕಿದರೆ ಮೇಲ್ಮನವಿಯ ಕರಡು ಬರೆಯಲು ನಾನು ಸಹಾಯ ಮಾಡುತ್ತೇನೆ.